ಮೂರು ಬೀಸೋಕಲ್ಲು, ಒಂದು ಗಂಟಲು

ನನ್ನ ಸೋದರಮಾವ ಆರು ತಿಂಗಳಲ್ಲಿ ಮೂರು ಬೀಸೋಕಲ್ಲು ಬದಲಾಯಿಸಿದರು. ಕಾರಣ, ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮಾವ ಹುಣಸೂರಿನ ಮಗ್ಗುಲ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುವವರು. ನಮ್ಮ ಕಡೆ ಮುದ್ದೆ ಅಗಿಯುವುದು ಮರ್ಯಾದಸ್ಥರ ಕೆಲಸವಲ್ಲ. ಮುರಿ, ಸಾರಿನಲ್ಲಿ ಅದ್ದು, ನುಂಗು. (ಒಂದೇ ಒಂದು ಸಲ ಅಗಿದು ತಿಂದ ಅಳಿಯನನ್ನು ಹೆಂಡತಿಯ ಮನೆಯವರು ಇಂದಿಗೂ ಆಡಿಕೊಳ್ಳುತ್ತಾರೆ. ಆ ಅಳಿಯ ನಾನೇ.) ಅಂಥ ಮುದ್ದೆ ಸಿಕ್ಕಿಕೊಂಡರೆ ತಪ್ಪು ಯಾರದು? ಗಂಟಲದ್ದಂತೂ ಅಲ್ಲ. ಅರವತ್ತು ವರ್ಷ ದುಡಿದ ಗಂಟಲು ಅದು.

ಮೊದಲ ಅನುಮಾನ ಅವರ ಹೆಂಡತಿ, ಅಂದರೆ ನನ್ನ ಅತ್ತೆಯ ಕೈ ಮೇಲೆ. "ಗಂಟು ಕಟ್ಟೈತೆ ಕಣಮ್ಮಿ, ಸರಿಯಾಗಿ ತೊಳಸು." ಆಮೇಲೆ ಹಿಟ್ಟು ತರಿಯಾಗಿದೆ ಎಂದು ಕಲ್ಲಿನ ಮೇಲೆ. ಹುಣಸೂರು ಸಂತೆಯಿಂದ ಹೊಸ ಕಲ್ಲು ಬಂತು. ಇಳಿಯಲಿಲ್ಲ. ಕೃಷ್ಣರಾಜನಗರದಿಂದ ಗಾಡಿಯಲ್ಲಿ ಇನ್ನೊಂದು ಬಂತು. ಅದೂ ಆಗಲಿಲ್ಲ. ಮೂರನೆಯದು ಬೆಟ್ಟದಪುರದ ಕಲ್ಲು. ತಿಂಗಳೊಳಗೆ ಮುದ್ದೆ ಸಲೀಸಾಗಿ ಇಳಿಯತೊಡಗಿತು.

ಆ ಕಲ್ಲನ್ನು ಹೊಗಳಿ ಇದೇ ಅಂಕಣದಲ್ಲಿ ಎರಡು ಕಾಲಂ ಬರೆದಿದ್ದೆ, ನೆನಪಿದೆಯೇ? ಓದಿ ನಾಲ್ಕು ಜನ ಕಲ್ಲು ತರಿಸಿದರಂತೆ. ಅವರ ಕ್ಷಮೆ ಕೇಳುತ್ತೇನೆ.

ಏಕೆಂದರೆ ಕಳೆದ ವಾರ ಕ್ಷೌರ ಮಾಡುತ್ತಿದ್ದವನ ಕೈಗೆ ಮಾವನ ಕುತ್ತಿಗೆಯಲ್ಲಿ ಒಂದು ಗಡ್ಡೆ ಸಿಕ್ಕಿತು. ಮಾವ, ಅತ್ತೆ ಇಬ್ಬರನ್ನೂ ಬಸ್ಸು ಹತ್ತಿಸಿ ಮೈಸೂರಿಗೆ ಕರೆದೊಯ್ದೆ. ಡಾಕ್ಟರು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ, ನನ್ನನ್ನು ಪಕ್ಕಕ್ಕೆ ಕರೆದು ಕ್ಯಾನ್ಸರ್ ಅಂದರು.

"ರೇಡಿಯಂ ಚಿಕಿತ್ಸೆಗೆ ಕಳಿಸೋಣ. ಆದರೆ ಅದರಿಂದ ಗಂಟಲು ಇನ್ನೂ ಉರಿಯುತ್ತೆ. ಹೊಟ್ಟೆಗಿಲ್ಲದ ಮೈ ತಡೆಯೋದಿಲ್ಲ. ಈಗ ಎಷ್ಟು ನುಂಗ್ತಾರೆ ಅಂತ ಮೊದಲು ಗೊತ್ತಾಗಬೇಕು."

ಒಳಗೆ ಬಂದು ಮಾವನನ್ನೇ ಕೇಳಿದರು. "ನುಂಗೋಕೆ ತೊಂದರೆ ಇದೆಯೇನ್ರೀ ಗೌಡ್ರೇ?"

"ಏನೂ ಇಲ್ಲ ಬುಡಿ ಸ್ವಾಮಿ. ಕಲ್ಲಿಂದು ತೊಂದ್ರೆ ಇತ್ತು. ಬದಲಾಯಿಸ್ದೆ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ಹೊತ್ತಿಗೆ ಎಷ್ಟು ಮುದ್ದೆ?"

"ಎರಡು. ಯಾವತ್ತೂ ಎರಡೇ."

ಡಾಕ್ಟರು ಬರೆದುಕೊಂಡರು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಅತ್ತೆ ಸೆರಗಿನೊಳಗಿನಿಂದ ಕೈ ತೆಗೆದರು. ಮೊದಲು ಎರಡೂ ಕೈಯಲ್ಲಿ ತೆಂಗಿನಕಾಯಿಯಷ್ಟು ತೋರಿಸಿದರು. ಆಮೇಲೆ ಹೆಬ್ಬೆರಳು, ತೋರುಬೆರಳು ಕೂಡಿಸಿ ನೆಲ್ಲಿಕಾಯಿಯಷ್ಟು.

"ಎರಡೇ ಸ್ವಾಮಿ. ಆಗ ಅಷ್ಟು ದಪ್ಪ, ಈಗ ಇಷ್ಟು. ದಿನಾ ಒಂಚೂರು ಕಮ್ಮಿ ಮಾಡ್ತಾ ಬಂದೆ, ಸಾರು ಜಾಸ್ತಿ ಬುಟ್ಟೆ. ಇವರಿಗೆ ಗೊತ್ತಾಗ್ನಿಲ್ಲ."

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿದರು. ಎರಡು ವಾರ ಹಾಲು, ಹಸಿ ಮೊಟ್ಟೆ, ಗಂಜಿ. ಮೈಗೆ ಬಲ ಬಂದ ಮೇಲೆ ಚಿಕಿತ್ಸೆ. "ಗೌಡರ ಮಾತು ನಂಬಿ ಇವತ್ತೇ ಕಳಿಸಿದ್ದರೆ ಉಳಿಸಿಕೊಳ್ಳೋದು ಕಷ್ಟವಿತ್ತು" ಅಂದರು.

ವಾಪಸು ಬರುವಾಗ ಬಸ್ಸು ಬಿಳಿಕೆರೆ ದಾಟಿದ ಮೇಲೆ ಮಾವ ಅತ್ತೆಯ ಕಡೆ ತಿರುಗಿದರು. ಮೆಲ್ಲಗೆ ಕೇಳಿದರು, "ನಂಗ್ಯಾಕಮ್ಮಿ ಹೇಳ್ನಿಲ್ಲ?"

"ಹೇಳಿದ್ರೆ ನಾಕನೇ ಕಲ್ಲು ತತ್ತಿದ್ರಿ ಕಣ್ರೀ."

ಮಾವ ನಕ್ಕರು. ನಾನೂ ನಕ್ಕೆ, ಕಣ್ಣು ಒರೆಸಿಕೊಂಡು ನಕ್ಕೆ. ಮನೆಗೆ ಬಂದವನೇ ಕೈಕಾಲು ತೊಳೆದು ಊಟಕ್ಕೆ ಕೂತೆ. ಇದನ್ನು ಕೇಳಿ ಯಾರೂ ನಗಬೇಡಿ: ನುಂಗುವ ಮೊದಲು ಮುದ್ದೆಯನ್ನು ಗೇಣಿನಿಂದ ಅಳೆದೆ.

ನಿಮ್ಮ ತಟ್ಟೆಯ ಮುದ್ದೆ ಹೋದ ವರ್ಷವೂ ಇಷ್ಟೇ ಇತ್ತೇ? ನಿಮ್ಮನ್ನಲ್ಲ, ಬಡಿಸಿದವರನ್ನು ಕೇಳುತ್ತಿದ್ದೇನೆ.