ಹಿಂದೆ ಬಾಗಿಲಿದ್ದ ಜಪಾನಿ ಗಾಡಿ

ಗಂಗಾವತಿಯಲ್ಲಿ ಕೂತಲ್ಲಿಂದ ಅಲುಗಾಡದೆ ಯಲಬುರ್ಗಾಕ್ಕೆ ಹೋಗಿ ಬಂದವಳು ನಾನೊಬ್ಬಳೇ. ಎರಡು ಸಲ ಕೊಪ್ಪಳಕ್ಕೂ ಹೋಗಿದ್ದೆ. ನಮ್ಮ ಗಾಡಿಗೆ ಆಗ ಗಾಲಿ ಇರಲಿಲ್ಲ, ನಾಲ್ಕು ಮೂಲೆಗೂ ಇಟ್ಟಂಗಿ ಪೇರಿಸಿದ್ದರು. ಎಂಜಿನ್ನು ಹೊರಗೆ ಬೇವಿನ ಮರದ ಕೆಳಗೆ, ಗೋಣಿತಟ್ಟಿನ ಮೇಲೆ ಬಿಡಿಬಿಡಿಯಾಗಿ ಮಲಗಿತ್ತು. ಆದರೆ ಚಳಿಗಾಲದ ಬೆಳಿಗ್ಗೆ ಸ್ಟೇರಿಂಗ್ ಹಿಡಿದು ಕೂತರೆ ಮುಂದಿನ ಗಾಜಿನ ತುಂಬ ಭತ್ತದ ಗದ್ದೆಯ ಮಂಜು ಮೆಲ್ಲಗೆ ಸರಿಯುತ್ತಿತ್ತು. ಸರಿಯುವುದು ಮಂಜೋ ಗಾಡಿಯೋ ಸ್ವಲ್ಪ ಹೊತ್ತಿನ ಮೇಲೆ ತಿಳಿಯುತ್ತಿರಲಿಲ್ಲ. ಒಂದು ಬೆಳ್ಳಕ್ಕಿ ನನ್ನ ಜೊತೆಗೇ ಹಾರಿ ಬರುತ್ತಿತ್ತು. ಯಲಬುರ್ಗಾ ಬಂತು ಅನ್ನುವಾಗ ಅವ್ವ ಅಡುಗೆಮನೆಯಿಂದ ಕರೆಯುತ್ತಿದ್ದಳು.

"ಏನ ಬೇ, ಸಾಲಿಗೆ ಹೋಗೂ ವಿಚಾರ ಐತೋ ಇಲ್ಲೋ?"

"ನಾ ಊರಾಗಿಲ್ಲಬೇ."

ಅದು ಜಪಾನಿ ಗಾಡಿ. ಹೊಸಪೇಟೆ ಕಡೆ ಅದಿರು ನೋಡಲು ಬಂದಿದ್ದ ಜಪಾನಿನವರು ತಂದು, ಹೋಗುವಾಗ ಬಿಟ್ಟುಹೋದದ್ದು. ಬಹಳ ವರ್ಷ ಯಾರದೋ ಗೋದಾಮಿನ ಹಿಂದೆ ಮೈತುಂಬ ಬಳ್ಳಿ ಹಬ್ಬಿಸಿಕೊಂಡು ಬಿದ್ದಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಮ್ಮಪ್ಪ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ. ಕಾರೆಂದರೆ ಕಾರೇ, ಆದರೆ ಹಿಂದೆ ಡಿಕ್ಕಿಯಿಲ್ಲ. ಚಾವಣಿ ಕೊನೆಯವರೆಗೂ ಉದ್ದಕ್ಕೆ ಹೋಗಿ, ತುದಿಯಲ್ಲಿ ಕಟ್ಟೆಯ ಹಾಗೆ ಕೆಳಕ್ಕೆ ತೆರೆಯುವ ಒಂದು ಬಾಗಿಲು. ಅದರ ಮೂತಿ ನಮ್ಮ ಅಂಗಳ ಮುಟ್ಟಿದಾಗ ಬಾಲ ಇನ್ನೂ ತುಂಗಭದ್ರೆಯ ಸೇತುವೆ ದಾಟುತ್ತಿತ್ತು ಎಂದು ನಾನು ಕ್ಲಾಸಿನಲ್ಲಿ ಹೇಳಿದೆ. ಅರ್ಧ ಕ್ಲಾಸು ನಂಬಿತು. ಉಳಿದರ್ಧ ಸಂಜೆ ನೋಡಲು ಬಂತು.

ಗಾಡಿ ಬಂದದ್ದು ಅವ್ವನಿಗಾಗಿ. ಅವಳ ತವರು ಕುಷ್ಟಗಿ ದಾಟಿ ಹನುಮಸಾಗರ. ಬಸ್ ಹತ್ತಿದರೆ ಅವಳಿಗೆ ತಲೆ ತಿರುಗುತ್ತಿತ್ತು. ಟಿಕೆಟಿನ ಚೂರು ಕಂಡರೂ ಮುಖ ಹಸಿರಾಗುತ್ತಿತ್ತು ಎಂದು ನಾನು ಸೇರಿಸುತ್ತೇನೆ. ಸೋದರಮಾವನ ಮೊದಲ ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೊರಟವಳು ತಾವರಗೇರಾದಲ್ಲಿ ಇಳಿದು ಯಾರದೋ ಮನೆಯ ಕಟ್ಟೆಯ ಮೇಲೆ ಮಲಗಿಬಿಟ್ಟಳು. ಮುಂದೆ ಹೋಗಲಾಗಲಿಲ್ಲ. ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಕೆಲಸ. ಅವ್ವನಿಗಿದ್ದವನು ಒಬ್ಬನೇ ತಮ್ಮ, ಆ ತಮ್ಮನಿಗೆ ಇವಳೊಬ್ಬಳೇ ಅಕ್ಕ. ಹೆಸರನ್ನು ಓಣಿಯ ಇನ್ನೊಬ್ಬಳು ಹೇಳಿದಳಂತೆ. ಅವ್ವ ಆ ಮಾತನ್ನು ಎಂದೂ ಎತ್ತಲಿಲ್ಲ. ಆದರೆ ಆ ಹುಡುಗಿಯನ್ನು ಹೆಸರಿನಿಂದ ಕರೆಯುತ್ತಲೂ ಇರಲಿಲ್ಲ, 'ನಮ್ಮ ತಮ್ಮನ ಮಗಳು' ಎನ್ನುತ್ತಿದ್ದಳು.

"ಎರಡನೇ ಕೂಸಿನ ಹೊತ್ತಿಗೆ ನಿನ್ನ ಸ್ವಂತ ಗಾಡ್ಯಾಗ ಕರಕೊಂಡು ಹೋಗ್ತೀನಿ," ಎಂದ ಅಪ್ಪ. "ಮೆಲ್ಲಕ ಹೋಗೂಣು. ನೀ ಅಂದಲ್ಲಿ ನಿಲ್ಲಸ್ತೀನಿ."

ಅಂದಿನಿಂದ ಶಾಲೆ ಬಿಟ್ಟ ಮೇಲೆ ಅಪ್ಪನ ಕಾಲಷ್ಟೇ ಕಾಣುತ್ತಿದ್ದವು, ಉಳಿದ ಅಪ್ಪ ಗಾಡಿಯ ಕೆಳಗೆ. ಪಕ್ಕದಲ್ಲಿ ಲಾರಿ ರಿಪೇರಿ ಮಾಡುವ ಚಾಚಾನ ಇನ್ನೆರಡು ಕಾಲು. ಆ ಗಾಡಿಯ ಸಾಮಾನು ಗಂಗಾವತಿಯಲ್ಲಿ ಎಲ್ಲಿ ಸಿಗಬೇಕು? ತುಕ್ಕು ತಿಂದ ತಳಕ್ಕೆ ಎಣ್ಣೆ ಡಬ್ಬಿಯ ತಗಡು ಬಡಿದರು. ಫ್ಯಾನಿನ ಬೆಲ್ಟು ಅಕ್ಕಿ ಗಿರಣಿಯಿಂದ ಬಂತು; ಎಂಜಿನ್ ಬಿಸಿಯಾದರೆ ಇಡೀ ಅಂಗಳಕ್ಕೆ ತೌಡಿನ ವಾಸನೆ. ಕಾರ್ಬುರೇಟರ್ ಜೀಪಿನದು, ಬಾಗಿಲ ಹಿಡಿಕೆ ನಮ್ಮದೇ ಕಪಾಟಿನದು, ಸೀಟಿನ ಮೇಲೆ ಹಳೆಯ ಕೌದಿ. ಕನ್ನಡಿ ಸಿಗಲಿಲ್ಲ. ಹಿಂದಿನ ಬಾಗಿಲ ಗಾಜೂ ಸಿಗಲಿಲ್ಲ, ಅಲ್ಲಿ ಕಿಟಕಿಯಷ್ಟು ಆಕಾಶ ಹಾಗೇ ಉಳಿಯಿತು.

ನನ್ನ ಪಾಲಿನ ಕೆಲಸ ಭಾಷಾಂತರ. ಒಳಗಡೆ ಒಂದು ತಗಡಿನ ಪಟ್ಟಿಯ ಮೇಲೆ ಜಪಾನಿ ಅಕ್ಷರಗಳಿದ್ದವು. ಗೆಳತಿಯರು ಬಂದಾಗ ಬೆರಳಿಟ್ಟು ಓದಿ ಹೇಳುತ್ತಿದ್ದೆ.

"ಈ ಗಾಡ್ಯಾಗ ಕುಂದ್ರೂ ಹುಡುಗ್ಯಾರು ಹುಣಸಿಹಣ್ಣ ತರಬೇಕು ಅಂತ ಬರದಾರ."

"ನಿನ್ನಿ ಪೇರಲಹಣ್ಣ ಅಂದಿದ್ದೆಲ್ಲ?"

"ಅದು ಮ್ಯಾಲಿನ ಸಾಲು."

ಮೂರನೆಯ ವರ್ಷ ಗಾಡಿ ನಿಜವಾಗಿಯೂ ನಡೆಯಿತು. ಬಿಳಿ ಬಣ್ಣ ಹೊಡೆಸಿ, ಊದಿನಕಡ್ಡಿ ಹಚ್ಚಿ, ಅಪ್ಪ ಮುಂದಿನ ಬಾಗಿಲು ತೆಗೆದು ನಿಂತ. ಅವ್ವ ಹೊಸ್ತಿಲು ಇಳಿಯಲಿಲ್ಲ. ಗಾಡಿಯ ಹಿಂಭಾಗವನ್ನೇ ನೋಡುತ್ತಿದ್ದಳು.

"ಹಿಂದ ಬಾಗಲಾ ಇರೂ ಗಾಡ್ಯಾಗ ಮಂದೀನ ಮಲಗಿಸಿ ಒಯ್ತಾರ್ರಿ. ಕುಂದ್ರಿಸಿ ಒಯ್ಯೂದು ನಾ ನೋಡಿಲ್ಲ."

"ಇದು ಅದಲ್ಲ. ಜಪಾನದಾಗ ಇದರಾಗ ಸಂತಿಗೆ ಹೋಗತಾರ."

"ಹೋಗ್ಲಿ. ನನ್ನ ತಮ್ಮನ ಬಾಗಲದಾಗ ಇದು ನಿಂತ್ರ, ಓಣ್ಯಾಗಿನವ್ರು ಮೊದಲ ಅಳಾಕ ಹತ್ತತಾರ, ಆಮ್ಯಾಲೆ ನನ್ನ ಮಾರಿ ನೋಡ್ತಾರ."

ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಅಂಥ ಆಕಾರದ ಗಾಡಿಯನ್ನು ನಮ್ಮೂರಿನವರು ನೋಡಿದ್ದು ದವಾಖಾನೆಯ ಮುಂದೆ ಮಾತ್ರ. ಮರುದಿನ ಅಪ್ಪ ಪೇಟೆಯಲ್ಲಿ ಹೊರಟರೆ ಸೈಕಲ್ಲಿನವರು ಇಳಿದು, ತಲೆಯ ಟೋಪಿ ತೆಗೆದು, ಬದಿಗೆ ನಿಂತರು. ಹಿಂದೆ ಅಡ್ಡಾಗಿದ್ದ ಚಾಚಾ ಎದ್ದು ಕೂತು, "ಜಿಂದಾ ಅದೀನ್ರೋ," ಎಂದ. ಒಬ್ಬ ಸೈಕಲ್ ಅಲ್ಲೇ ಬಿಟ್ಟು ಓಡಿದ.

ಕೆಂಪು ಬಳಿದರು. ಟಪಾಲು ಗಾಡಿಯೆಂದುಕೊಂಡು ಜನ ಕಿಟಕಿಯೊಳಗೆ ಪತ್ರ ಎಸೆದರು. ಒಬ್ಬ ಮುದುಕ, ಮಗನ ಪತ್ರ ಎಲ್ಲಿ ಇಟ್ಟೀಯ ಎಂದು ಅಪ್ಪನ ಅಂಗಿ ಹಿಡಿದ. ನೀಲಿ ಬಳಿದರೆ, ಪೊಲೀಸರು ಬಂದರೆಂದು ಇಸ್ಪೀಟು ಆಡುತ್ತಿದ್ದವರು ಕಾಲುವೆಗೆ ಜಿಗಿದರು. ಜಿಗಿದದ್ದು ಇಬ್ಬರು. ನನ್ನ ಕಥೆಯಲ್ಲಿ ಹನ್ನೆರಡು ಜನ, ಅದರಲ್ಲೊಬ್ಬ ಕೈಯಲ್ಲಿನ ಇಸ್ಪೀಟು ಎಲೆ ಬಿಡದೆ ಈಜಿದ. ಕೊನೆಗೆ ನಾನು ಆರಿಸಿದ ಬಣ್ಣ ಬಂತು, ಗಿಳಿಹಸಿರು. ಯಾವ ಇಲಾಖೆಗೂ ಬೇಡವಾದ ಬಣ್ಣ.

ಅವ್ವ ಬಹಳ ಹೊತ್ತು ನೋಡಿದಳು. "ಈ ಬಣ್ಣದಾಗ ಹೆಣಾನೂ ಏರೂದಿಲ್ಲ ತಗೀರಿ," ಎಂದು ನಕ್ಕುಬಿಟ್ಟಳು. ಆ ನಗುವಿನಲ್ಲೇ ಮುಂದಿನ ಸೀಟಿಗೆ ಹತ್ತಿದಳು.

ಹನುಮಸಾಗರದಿಂದ ಆಗಲೇ ಸುದ್ದಿ ಬಂದಿತ್ತು: ಎರಡನೆಯದು ಗಂಡು ಕೂಸು, ಬರುವ ವಾರ ತೊಟ್ಟಿಲು. ಅಷ್ಟರೊಳಗೆ ರೂಢಿಯಾಗಲೆಂದು ಅಪ್ಪ ಮೆಲ್ಲಗೆ, ಗಾಡಿ ನಡೆದಿದೆಯೋ ಇಲ್ಲವೋ ಎನ್ನುವ ಹಾಗೆ ನಡೆಸಿದ. ಕಾಲುವೆಯ ಏರಿಯ ಮೇಲೆ ಹೋಗುವುದರೊಳಗೆ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಿಲ್ಲಸ್ರಿ. ಗಿಡಾ ಎಲ್ಲಾ ಮೈಮ್ಯಾಲೇ ಬರಾಕ ಹತ್ಯಾವ."

ಇಳಿದು, ಹಿಂದಿನ ಬಾಗಿಲನ್ನು ಕೆಳಗೆ ಹಾಕಿಸಿ, ಅದರ ಮೇಲೆ ಕಾಲು ಇಳಿಬಿಟ್ಟು ಕೂತಳು. ಅಪ್ಪ ನೀರು ತಂದುಕೊಟ್ಟ. ಅವಳು ಕುಡಿಯಲಿಲ್ಲ.

"ನೀವು ಅಪ್ಪ ಮಗಳು ಹೋಗಿ ಬರ್ರಿ. ಹೆಸರ ಏನ, ಯಾರರ ಹೇಳತಾರ."

ಅಪ್ಪ ಮುಂದೆ ಹೋಗಿ ಕೂತು ಗಾಡಿಯ ಮೂತಿಯನ್ನು ಮನೆಯ ಕಡೆಗೆ ಹೊರಳಿಸುವಷ್ಟರಲ್ಲಿ ಎಂಜಿನ್ ಆರಿತು. ಮತ್ತೆ ಹತ್ತಲಿಲ್ಲ. ಏರಿಯಿಂದ ಮನೆಯ ಕಡೆಗೆ ಉದ್ದನೆಯ ಇಳಿಜಾರು. ಇಳಿಜಾರಿನಲ್ಲಿ ಬಿಟ್ಟರೆ ಹತ್ತೀತು ಎಂದು ಬ್ರೇಕು ಸಡಿಲಿಸಿದ. ನಾನು ಓಡಿಹೋಗಿ ಅವ್ವನ ಪಕ್ಕ ಕೂತೆ.

ಗಾಡಿ ಸದ್ದಿಲ್ಲದೆ ಜಾರಿತು. ನಮ್ಮ ಕಾಲ ಕೆಳಗಿನಿಂದ ದಾರಿ ಹೊರಬಂದು ಸೀರೆಯ ಹಾಗೆ ಬಿಚ್ಚಿಕೊಳ್ಳುತ್ತ ಹೋಯಿತು. ಈಗಷ್ಟೇ ಮೈಮೇಲೆ ಬರುತ್ತಿದ್ದ ಗಿಡಗಳು ನಮ್ಮನ್ನು ಕಳಿಸಿಕೊಡಲು ಬಂದ ನೆಂಟರಂತೆ ದಾರಿಯ ಎರಡೂ ಕಡೆ ನಿಂತು ಸಣ್ಣಗಾದವು. ಕಾಲುವೆಯ ನೀರು, ಅದರೊಳಗಿನ ಮೋಡ, ದಂಡೆಯ ಮೇಲೆ ಬಟ್ಟೆ ಒಗೆಯುವವಳು, ಅವಳು ಎತ್ತಿದ ಕೈ, ಎಲ್ಲವೂ ಅವಸರವಿಲ್ಲದೆ ದೂರವಾದವು. ನನಗೇ ನಿದ್ದೆ ಬಂದಂತಾಯಿತು.

"ಅವ್ವ, ತಲಿ ಹೆಂಗೈತಿ?"

"ಸುಮ್ಕಿರು."

ಸ್ವಲ್ಪ ದೂರ ಹೋದ ಮೇಲೆ ಅವಳೇ ಹೇಳಿದಳು. "ಎತ್ತಿನ ಚಕ್ಕಡ್ಯಾಗ ಹೆಣ್ಮಕ್ಕಳು ಹಿಂಗ ಕುಂದರತಿದ್ವಿ. ಹಿಂದ ಮಾರಿ ಮಾಡಿ. ಲಗ್ನಾಗಿ ಹನುಮಸಾಗರದಿಂದ ಇಲ್ಲೀತನಕ ಬಂದೆನಲ್ಲ, ಒಮ್ಮೆರ ಮುಂದ ನೋಡಿಲ್ಲ ನಾ."

ಎಂಜಿನ್ ಕೆಮ್ಮಿ ಹತ್ತಿಕೊಂಡಿತು. ಮನೆ ಬಂತು. ಅವ್ವ ಇಳಿಯಲಿಲ್ಲ.

"ಇನ್ನೊಂದೀಟ ಮುಂದ ನಡೀರಿ," ಎಂದಳು.

ಸಂಜೆ ಚಾಚಾ ಪಾನಾ ಹಿಡಿದು ಬಂದು ಹಿಂದಿನ ಸೀಟು ಬಿಚ್ಚಿದ. "ಮೂರು ವರ್ಷ ಎಂಜಿನ್ನಾ ಬಿಚ್ಚಿದ್ವಿ, ಹಾಕಿದ್ವಿ. ಸೀಟ ಉಲ್ಟಾ ಮಾಡಿದ್ರ ಮುಗೀತಿತ್ತಲ್ಲ ಮಾಸ್ತರ್."

"ನನಗ ಹೆಂಗ ಗೊತ್ತಾಗಬೇಕು ಸಾಬ್ರ?"

ಅವ್ವ ಚಹಾ ಕೊಡುತ್ತ, "ಯಾವ ಬಣ್ಣ ಬೇಕು ಅಂತ ನಾಕು ಸಲ ಕೇಳಿದ್ರಿ," ಎಂದಳು. "ಮಾರಿ ಯಾ ಕಡೆ ಇರಬೇಕು ಅಂತ ಕೇಳಿದ್ರೇನು?"

ತೊಟ್ಟಿಲಿಗೆ ಹೊರಟ ದಿನ ಗಾಡಿ ಕನಕಗಿರಿ ದಾಟಿತು, ತಾವರಗೇರಾ ದಾಟಿತು. ಕನ್ನಡಿಯಿಲ್ಲದ ಗಾಡಿಗೆ ಅವ್ವನೇ ಕನ್ನಡಿ. "ಲಾರಿ ಬಂತು, ಬಾಜೂಕ ಸರೀರಿ. ಡ್ರೈವರ್ ಎಲಿ ಅಡಕಿ ತಿನ್ನಾಕ ಹತ್ಯಾನ." ಆ ಲಾರಿಯವನ ಎದುರಿಗೆ, ಗಾಜಿಲ್ಲದ ಕಿಟಕಿಯಲ್ಲಿ, ಅವ್ವ ನೆಟ್ಟಗೆ ಕೂತು ಅವನನ್ನೇ ನೋಡುತ್ತಿದ್ದಳು. ಎಲ್ಲಿ ನೋಡಬೇಕೋ ತಿಳಿಯದೆ ಅವನು ಕುಷ್ಟಗಿಯವರೆಗೂ ಆಕಾಶ ನೋಡುತ್ತ ಬಂದ. ಕೊನೆಗೆ ತಡೆಯಲಾರದೆ ಕೈಮುಗಿದ. ಅವ್ವನೂ ಮುಗಿದಳು. ಯಾರೂ ವಾಂತಿ ಮಾಡಲಿಲ್ಲ. ಎಂಜಿನ್ನು ಮಾತ್ರ ಎರಡು ಕಡೆ ನಿಂತು ಸುಧಾರಿಸಿಕೊಂಡಿತು, ಹಾಗಾಗಿ ತಡವಾಯಿತು.

ಹನುಮಸಾಗರದಲ್ಲಿ ತೊಟ್ಟಿಲ ಸುತ್ತ ಹೆಂಗಸರು ಆಗಲೇ ನಿಂತಿದ್ದರು. ಮಾವನ ಹೆಂಡತಿ ಹೊರಗೆ ಬಂದವಳು ಅವ್ವನನ್ನು ನೋಡಿ, "ಯಾರ ಬೇಕಾಗಿತ್ರಿ ಯಮ್ಮಾ?" ಎಂದಳು. ಗಾಜಿಲ್ಲದ ಹಿಂಬಾಗಿಲು ದಾರಿಯುದ್ದಕ್ಕೂ ಧೂಳನ್ನು ಒಳಗೆಳೆದು, ಕುಷ್ಟಗಿ ತಾಲೂಕಿನ ಅರ್ಧವನ್ನು ಅವ್ವನ ಮೇಲೆ ಹಾಕಿತ್ತು. ತಲೆ, ಹುಬ್ಬು, ರೆಪ್ಪೆ, ಸೀರೆ, ಎಲ್ಲ ಒಂದೇ ಬಣ್ಣ.

"ನಾನ ಬೇ, ನಿನ್ನ ನಾದಿನಿ."

ಸೀರೆ ಬದಲಿಸಲು ಹೊತ್ತಿರಲಿಲ್ಲ. ಕೈ, ಕಾಲು, ಮುಖ ತೊಳೆದು ನೇರವಾಗಿ ಒಳಗೆ ಹೋದಳು. ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಗೆ ಬಾಯಿ ಹಚ್ಚಿ ಪದ್ಧತಿಯಂತೆ ಕುರ್ರ್ ಎಂದಳು, ಆಮೇಲೆ ಹೆಸರು ಹೇಳಿದಳು. ಅವಸರ ಮಾಡಲಿಲ್ಲ. ಹೆಸರು ಹೇಳುವಾಗ ಸೋದರತ್ತೆಯ ಬೆನ್ನಿಗೆ ಗುದ್ದುವುದು ರೂಢಿ, ಹೆಂಗಸರು ಸರದಿಯಲ್ಲಿ ಗುದ್ದಿದರು. ಒಂದೊಂದು ಗುದ್ದಿಗೂ ಅವ್ವನ ಬೆನ್ನಿನಿಂದ ಧೂಳು ಎದ್ದು, ಬೆಳಕಿಂಡಿಯಿಂದ ಬಿದ್ದ ಬಿಸಿಲಿನಲ್ಲಿ ಬಂಗಾರದ ಪುಡಿಯ ಹಾಗೆ ತೊಟ್ಟಿಲ ಮೇಲೆ ತೇಲಿತು. ನಗುವವರು ನಗುತ್ತಿದ್ದರು, ಕೆಮ್ಮುವವರು ಕೆಮ್ಮುತ್ತಿದ್ದರು. ಅವ್ವ ತಲೆ ಎತ್ತದೆ ಹೆಸರನ್ನು ಇನ್ನೊಮ್ಮೆ ಹೇಳಿದಳು. ಕೂಸು ಸೀನಿತು.