ಮನೆಗೊಂದೇ ಐಡಿ

ಡೊಂಬಿವಿಲಿ ಸ್ಟೇಷನ್ ಎದುರಿನ ಅಂಗಡಿಯಲ್ಲಿ ಅಮ್ಮನಿಗೆ ಮೊದಲ ಸ್ಮಾರ್ಟ್‌ಫೋನ್ ಕೊಂಡಾಗ ಅಂಗಡಿಯವನು ಅವಳ ಇಮೇಲ್ ಐಡಿ ಕೇಳಿದ. ಅಪ್ಪ ಹಿಂದೆ ಮುಂದೆ ನೋಡದೆ ತಮ್ಮದನ್ನೇ ಹೇಳಿದರು. "ಅಮ್ಮನಿಗೆ ಬೇರೆಯೇ ಮಾಡಿಕೊಡ್ತೇನೆ" ಎಂದೆ.

"ಎಂತಕ್ಕೆ ಮಾರಾಯ್ತಿ? ರೇಷನ್ ಕಾರ್ಡ್ ಒಂದೇ, ಗ್ಯಾಸ್ ಕನೆಕ್ಷನ್ ಒಂದೇ. ಗಂಡ ಹೆಂಡ್ತಿ ಒಳಗೆ ಅಡಗಿಸ್ಲಿಕ್ಕೆ ಎಂತ ಉಂಟು?"

ಠಾಣೆ ನಗರದ ವಾಗ್ಳೆ ಎಸ್ಟೇಟಿನ ಹೋಟೆಲೊಂದರ ಕೌಂಟರಿನಲ್ಲಿ ಕೂತು ಕೂತು ಅಪ್ಪನ ಮಾತೆಲ್ಲ ಹೀಗೆ ಬಿಲ್ಲು ಹರಿದು ಕೊಟ್ಟಷ್ಟು ಖಚಿತ. ವಾದ ಮಾಡಿ ಗೆದ್ದವರಿಲ್ಲ.

ಫೋನಿಗೆ ಕನ್ನಡ ಹೊಸದಾಗಿ ಅರ್ಥವಾಗತೊಡಗಿದ್ದ ಕಾಲ ಅದು. ಮನೆಯಲ್ಲಿ ನಾವು ಹೆಚ್ಚಾಗಿ ಆಡುವುದು ತುಳು. ಅದು ಫೋನಿಗೆ ಬಾರದು. ಹಾಗಾಗಿ ಅಮ್ಮ ಅದರೊಡನೆ ಶಾಲೆಯಲ್ಲಿ ಕಲಿತ ಕನ್ನಡ ಆಡುತ್ತಿದ್ದಳು, ಅದೂ ಬಹುವಚನದಲ್ಲಿ. "ದಯವಿಟ್ಟು ಒಂದು ಭಜನೆ ಹಾಕಿ" ಎನ್ನುವಳು. ಕುಕ್ಕರ್ ಕೂಗುತ್ತಿದ್ದರೆ "ಸ್ವಲ್ಪ ನಿಲ್ಲಿ" ಎಂದು ಫೋನಿಗೇ ಹೇಳುವಳು. ನಾನೂ ಅಪ್ಪನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಆಮೇಲೆ ಅವಳಿಗೆ ಊಟ ಸೇರದಾಯಿತು. ಠಾಣೆಯ ಆಸ್ಪತ್ರೆಯಲ್ಲಿ ಡಾಕ್ಟರು ಅಮ್ಮನನ್ನು ಹೊರಗೆ ಕೂರಿಸಿ ನಮ್ಮಿಬ್ಬರನ್ನು ಮಾತ್ರ ಒಳಗೆ ಕರೆದರು. ಹೊಟ್ಟೆಯ ಕ್ಯಾನ್ಸರ್, ಕೈ ಮೀರಿತ್ತು.

ನಮ್ಮಲ್ಲಿ ದೊಡ್ಡ ಕಾಯಿಲೆಯ ಹೆಸರು ನೆಂಟರಿಷ್ಟರಿಗೆಲ್ಲ ಗೊತ್ತಿರುತ್ತದೆ, ಕಾಯಿಲೆ ಬಿದ್ದವರೊಬ್ಬರನ್ನು ಬಿಟ್ಟು. ಈ ಪದ್ಧತಿ ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಕಾರಿಡಾರಿನಲ್ಲಿ ಅಪ್ಪ ನನ್ನ ಕೈ ಹಿಡಿದು, "ಅಲ್ಸರ್ ಅಂತ ಹೇಳುವ. ಗೊತ್ತಾದ್ರೆ ಅವಳು ಇವತ್ತೇ ಹೋಗ್ತಾಳೆ" ಎಂದಾಗ ಬೇಡವೆನ್ನಲು ಆಗಲಿಲ್ಲ. ನಾನು ತಲೆಯಾಡಿಸಿದೆ.

"ಅಲ್ಸರಾ? ಹಾಗಾದ್ರೆ ಮೆಣಸು ಕಮ್ಮಿ ಮಾಡ್ಬೇಕು" ಎಂದಳು ಅಮ್ಮ. ಅಷ್ಟೇ.

ಮುಂದಿನ ವಾರ ಅಪ್ಪ ಭಜನೆ ಹುಡುಕಲು ಅವಳ ಫೋನು ತೆಗೆದುಕೊಂಡವರು ನಗಲು ಶುರು ಮಾಡಿದರು. ಸರ್ಚ್ ಪೆಟ್ಟಿಗೆ ಮುಟ್ಟಿದರೆ ಕೆಳಗೆ ಇಳಿಯುವ ಹಳೆಯ ಪ್ರಶ್ನೆಗಳೆಲ್ಲ ಅಡುಗೆಯವೇ. ಗಂಜಿ ಮಾಡುವುದು ಹೇಗೆ, ಹುರುಳಿ ಸಾರು ಮಾಡುವುದು ಹೇಗೆ, ನೀರುದೋಸೆ ಮಾಡುವುದು ಹೇಗೆ.

"ನೀರುದೋಸೆಗೆ ಮೆಶೀನನ್ನು ಕೇಳ್ತಾಳೆ ಇವಳು!"

"ನೆನಪು ಹೋಗ್ತದೆ, ಎಂತ ಮಾಡುದು" ಎಂದು ಅಮ್ಮನೂ ನಕ್ಕಳು. ಆ ದಿನಗಳಲ್ಲಿ ಮನೆಯಲ್ಲಿ ಕೇಳಿದ ನಗು ಅದೊಂದೇ.

ಚೌತಿಗೆ ಮೊದಲೇ ಅವಳು ಹೋದಳು. ಮಾತಾಡಿಸಲು ಬಂದವರಿಗೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ಅವಳಿಗೆ ಗೊತ್ತೇ ಆಗ್ಲಿಲ್ಲ. ಅದೊಂದು ಸಮಾಧಾನ."

ಕ್ರಿಯೆಗಳೆಲ್ಲ ಮುಗಿದು ಐರೋಳಿಯ ಆಫೀಸಿಗೆ ಮತ್ತೆ ಹೋಗತೊಡಗಿದಾಗ, ಫೋನಿಗೆ ಬಾಯಿಯಲ್ಲಿ ಕೇಳಿದ್ದೆಲ್ಲ ಐಡಿಯಲ್ಲಿ ಧ್ವನಿಸಮೇತ ಉಳಿದಿರುತ್ತದೆ ಎಂದು ಜೊತೆಯವಳೊಬ್ಬಳು ಹೇಳಿದಳು. ಅವಳು ಹೇಳಿದ್ದು ಎಚ್ಚರಿಸಲೆಂದು. ನನಗೆ ಕೇಳಿಸಿದ್ದು ಮಾತ್ರ ಅಮ್ಮನ ದನಿ ಎಲ್ಲೋ ಉಳಿದಿದೆ ಎಂಬುದು. ಸಂಜೆ ಮನೆಗೆ ಬಂದವಳೇ ಅಮ್ಮನ ಫೋನಿನಲ್ಲಿ ಹಳೆಯ ಪ್ರಶ್ನೆಗಳ ಪುಟ ತೆರೆದೆ.

ಹೊಸತು ಮೇಲೆ, ಹಳೆಯದು ಕೆಳಗೆ. ಮೇಲೆ ನೀರುದೋಸೆ ಇತ್ತು. ಒತ್ತಿದೆ. "ನೀರುದೋಸೆ ಮಾಡುವುದು ಹೇಗೆ? ದಯವಿಟ್ಟು ಸ್ವಲ್ಪ ಹೇಳಿ." ಮತ್ತೊಮ್ಮೆ ಒತ್ತಿದೆ. ಅಡುಗೆಗಳನ್ನೆಲ್ಲ ದಾಟಿ ಕೆಳಗೆ ಹೋದೆ.

"ನಾನು ಕೇಳಿದ್ದು ಇವರಿಗೂ ಮಗಳಿಗೂ ಗೊತ್ತಾಗದ ಹಾಗೆ ಏನು ಮಾಡಬೇಕು?" ಪಿಸುಮಾತು, ಹಿಂದೆ ಕುಕ್ಕರಿನ ಕೂಗು.

ಅದರ ಕೆಳಗೆ, "ಹೊಟ್ಟೆಯ ಕ್ಯಾನ್ಸರ್ ಆದವರಿಗೆ ಕೊನೆಗೆ ತುಂಬ ನೋವಿರುತ್ತದೆಯೇ? ದಯವಿಟ್ಟು ಹೇಳಿ."

ಅದಕ್ಕೂ ಕೆಳಗೆ, ಅದೇ ದಿನ ಮಧ್ಯಾಹ್ನದ್ದು, ತಟ್ಟೆಗಳ ಸದ್ದಿನ ನಡುವೆ ಅಪ್ಪನ ದನಿ: "ಹೊಟ್ಟೆ ಕ್ಯಾನ್ಸರ್ ಲಾಸ್ಟ್ ಸ್ಟೇಜ್, ಎಷ್ಟು ದಿನ ಬದುಕ್ತಾರೆ?"

ಮನೆಯಲ್ಲಿ ಕೇಳಿದರೆ ಅವಳ ಕಿವಿಗೆ ಬಿದ್ದೀತೆಂದು ಅಪ್ಪ ಹೋಟೆಲಿನ ಊಟದ ಗದ್ದಲ ಕರಗುವವರೆಗೆ ಕಾದು ಅಲ್ಲಿ ಕೇಳಿದ್ದರು. ಐಡಿ ಒಂದೇ ಆದ್ದರಿಂದ, ಅಮ್ಮ ಭಜನೆಗೆಂದು ಇಲ್ಲಿ ಪೆಟ್ಟಿಗೆ ಮುಟ್ಟಿದಾಗ ಅದೇ ಪ್ರಶ್ನೆ ಕೆಳಗೆ ಇಳಿದಿರಬೇಕು. ಅಪ್ಪ ಠಾಣೆಯಲ್ಲಿ ಲೋಕಲ್ ರೈಲು ಹಿಡಿಯುವ ಮೊದಲೇ ಅವರ ಮಾತು ಮನೆ ಮುಟ್ಟಿತ್ತು. ಅಳಿಸುವ ದಾರಿ ಅಮ್ಮನಿಗೆ ಸಿಗಲಿಲ್ಲ. ಅವಳಿಗೆ ಗೊತ್ತಿದ್ದದ್ದು ಅಡುಗೆ. ಮಾವಿನಕಾಯಿಯನ್ನು ಅಕ್ಕಿಯಲ್ಲಿ ಹುಗಿದಿಡುವ ಹಾಗೆ ಆ ಪ್ರಶ್ನೆಗಳ ಮೇಲೆ ಗಂಜಿ, ಸಾರು, ದೋಸೆ ಎಲ್ಲ ಸುರಿದು ಮುಚ್ಚಿದ್ದಳು. ನಾವು ಕೂತು ನಕ್ಕಿದ್ದೆವು.

ಎರಡು ಕೋಣೆಯ ಮನೆ ನಮ್ಮದು. ಅಷ್ಟರಲ್ಲೇ ಅವಳು ಒಬ್ಬಳೇ ಹೆದರಿಕೊಂಡು ಮಲಗುತ್ತಿದ್ದಳು. ನೋವಾಗ್ತದಾ ಎಂದು ನನ್ನನ್ನು ಕೇಳಬಹುದಿತ್ತು, ತಬ್ಬಿಕೊಳ್ಳುತ್ತಿದ್ದೆ. ಒಂದು ಯಂತ್ರವನ್ನು ಕೇಳಿದಳು, ಅದಕ್ಕೂ ದಯವಿಟ್ಟು ಎಂದಳು.

ಒಳಗೆ ಅಪ್ಪ ಎದ್ದ ಸದ್ದಾಯಿತು. ಅವರ ಫೋನಿನಲ್ಲೂ ಈ ಪುಟ ಇದ್ದೇ ಇದೆ. ಎಂದಾದರೂ ತೆರೆದರೆ, ಅವಳಿಗೆ ಹೇಳಿದವರು ತಾವೇ ಎಂದು ತಿಳಿಯುತ್ತದೆ. ಅಮ್ಮನ ಎರಡು ಪ್ರಶ್ನೆ, ಅಪ್ಪನ ಒಂದು, ಮೂರನ್ನೂ ಅಳಿಸಿದೆ. ಅವಳು ನಿಜ ಆಡಿದ್ದು ಆ ಎರಡೇ ಮಾತಿನಲ್ಲಿ. ಅಳಿಸಲು ತಿಳಿಯದೆ ಅವಳು ಬಿಟ್ಟುಹೋದ ಕೆಲಸವನ್ನು ನಾನು ಮಾಡಿ ಮುಗಿಸಿದೆ.

ನೀರುದೋಸೆಯನ್ನು ಉಳಿಸಿ ಅಪ್ಪನಿಗೆ ಕೇಳಿಸಿದೆ. ಈಗಲೂ ರಜೆಯ ದಿನ ಊಟವಾದ ಮೇಲೆ ಅದನ್ನು ಹಾಕಿಸಿಕೊಳ್ಳುತ್ತಾರೆ.

"ಕಣ್ಣು ಮುಚ್ಚಿ ಹೊಯ್ಯುತ್ತಿದ್ದಳು ನೀರುದೋಸೆ. ಅದನ್ನು ಎಂತಕ್ಕೆ ಕೇಳಿದ್ದು ಇವಳು?"

"ನೆನಪು ಹೋಗಿತ್ತಲ್ಲ ಅಪ್ಪ" ಎನ್ನುತ್ತೇನೆ.