ಮಧ್ಯಾಹ್ನ ಬೆಲ್ಟು ಕಳಚುವ ಮನೆ

ಗವಿಪುರದ ನಮ್ಮ ಮನೆಯ ಮುಂಗೋಣೆಯಲ್ಲಿ ಅತ್ತೆಯೂ ನಾನೂ ರವಿಕೆ ಹೊಲಿಯುತ್ತೇವೆ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ ಹಬ್ಬ, ಅದರ ಬೆನ್ನಿಗೇ ಮದುವೆಗಳು. ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಅಂಥ ದಿನಗಳಲ್ಲೂ ಅತ್ತೆ ಮಧ್ಯಾಹ್ನದ ಊಟವಾದ ಮೇಲೆ ಕಾಲಲ್ಲಿ ತುಳಿಯುವ ಎರಡೂ ಹೊಲಿಗೆ ಮಿಷನ್ನುಗಳ ಚರ್ಮದ ಬೆಲ್ಟು ಕಳಚಿ, ಸುರುಳಿ ಸುತ್ತಿ, ದಿಂಬಿನ ಕೆಳಗಿಟ್ಟುಕೊಂಡು ಒಂದು ಗಂಟೆ ಮಲಗುತ್ತಾರೆ.

ಮದುವೆಯಾಗಿ ಬಂದ ಹೊಸದರಲ್ಲಿ ನನಗಿದು ದೊಡ್ಡ ಒಗಟು. ಮಲಗುವುದಾದರೆ ಮಲಗಲಿ, ಬೆಲ್ಟು ಯಾಕೆ ಕಳಚಬೇಕು? ಬಿಸಿಗೆ ಸಡಿಲವಾಗುತ್ತದೋ? ಇಲಿ ಕಡಿಯುತ್ತದೋ? ಮೂಗು ತೂರಿಸುವುದು ನನ್ನ ಹುಟ್ಟುಗುಣ, ಕೇಳಿಯೇಬಿಟ್ಟೆ. ರೂಢಿ ಎಂದರು ಅತ್ತೆ. ಮಿಷನ್ ರಿಪೇರಿಯವರನ್ನು ಕೇಳಿದರೆ, ದಿನಾ ಕಳಚಿದರೇ ಬೆಲ್ಟು ಕೆಡುವುದು ಎಂದರು. ನನ್ನ ಕುತೂಹಲ ಇಮ್ಮಡಿಯಾಯಿತು.

ಎರಡನೆಯ ಶ್ರಾವಣದಲ್ಲಿ ಒಂದು ದಿನ ಅತ್ತೆ ಮಾವಳ್ಳಿಯ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೊರಟರು. ಪಟ್ಟೆ ಸೀರೆ ಉಟ್ಟು, ಬೆಲ್ಟುಗಳನ್ನು ಕೈಚೀಲಕ್ಕೆ ಹಾಕಿಕೊಂಡು, ಮೂರಕ್ಕೆ ಬರುತ್ತೇನೆ, ಮಲಗು ಎಂದರು. ನನಗೆ ಸಿಟ್ಟು ಬಂತು. ಮದುವಣಗಿತ್ತಿಯೊಬ್ಬಳ ಧಾರೆ ರವಿಕೆ ಮರುದಿನ ಬೆಳಿಗ್ಗೆಗೆ ಕೊಡಬೇಕಿತ್ತು. ಸೀರೆಯಿಂದಲೇ ತೆಗೆದ ಬಟ್ಟೆ, ಅಂಗೈಯಗಲ ಹೆಚ್ಚಿಲ್ಲ. ನಸುಕಿನಿಂದ ಕೂತು ಕಣ್ಣು ಉರಿಯುತ್ತಿತ್ತು, ನಿಜ. ಬೆಲ್ಟಿಲ್ಲದೆ ಮಿಷನ್ನು ಓಡದು, ಆದರೆ ಕತ್ತರಿಗೆ ಬೆಲ್ಟಿಲ್ಲವಲ್ಲ! ನನ್ನ ಜಾಣತನಕ್ಕೆ ನಾನೇ ನಕ್ಕು, ನೆಲದ ಮೇಲೆ ಬಟ್ಟೆ ಹಾಸಿದೆ.

ತೋಳಿನ ಮುಂದಿನ ಪಕ್ಕ ಹಿಂದಿನದಕ್ಕಿಂತ ಹೆಚ್ಚು ಒಳಕ್ಕೆ ಬಾಗಿರಬೇಕು; ಬಟ್ಟೆಯನ್ನು ಹೊರಮೈಗೆ ಹೊರಮೈ ಮಡಚಿ ಕತ್ತರಿಸಿದರೆ ಎಡತೋಳು, ಬಲತೋಳು ಎರಡೂ ಬರುತ್ತವೆ. ಜರಿಯಂಚು ಕೆಡಬಾರದೆಂದು ನಾನು ಒಂದೊಂದಾಗಿ ಕತ್ತರಿಸಿದೆ, ಎರಡು ಸಲವೂ ಹೊರಮೈ ಮೇಲೆ ಮಾಡಿ. ಜೋಡಿಸಿ ನೋಡಿದರೆ ಎರಡೂ ಬಲತೋಳು. ಅಂಥ ಬಟ್ಟೆ ಇನ್ನೆಲ್ಲಿಂದ ತರುವುದು? ಧಾರೆಗೆ ಆ ಹುಡುಗಿ ಏನು ತೊಡಬೇಕು?

ಅತ್ತೆ ಬಂದಾಗ ಅಳುತ್ತಾ ಕೂತಿದ್ದೆ. ಎರಡೂ ತೋಳು ನೋಡಿದರು, ಬೈಯಲಿಲ್ಲ. ನನ್ನ ಕೈಯಿಂದ ಕತ್ತರಿ ತೆಗೆದುಕೊಂಡರು.

"ಮೊದ್ಲು ಮಲಕ್ಕೋ ಹೋಗು. ಎದ್ಮೇಲೆ ನೋಡೋಣ."

ನಿದ್ದೆ ಹೇಗೆ ಬರುತ್ತದೆ ಎಂದು ಗೊಣಗಿದ್ದಷ್ಟೇ ನೆನಪು. ಎಚ್ಚರವಾದಾಗ ಅತ್ತೆಯೂ ಪಕ್ಕದಲ್ಲೇ, ಉಟ್ಟ ಪಟ್ಟೆಯಲ್ಲೇ ಮಲಗಿದ್ದರು. ಎದ್ದು ಮುಖ ತೊಳೆದು ಇಬ್ಬರೂ ಕಾಫಿ ಕುಡಿದೆವು. ಆಮೇಲೆ ಅತ್ತೆ ಚೂರುಗಳಲ್ಲಿ ಹುಡುಕಿ, ಬೆರಳುದ್ದದ ತುಂಡೊಂದನ್ನು ಆರಿಸಿ, ಕಂಕುಳ ಕೆಳಗೆ ಬರುವಂತೆ ಒಂದು ತೋಳಿಗೆ ಸೇರಿಸಿ, ಅದೇ ತೋಳಿನ ಇನ್ನೊಂದು ಪಕ್ಕ ಸ್ವಲ್ಪ ಕತ್ತರಿಸಿದರು. ಬಲತೋಳು ಎಡತೋಳಾಯಿತು. ಕೈ ಕೆಳಗಿಟ್ಟರೆ ಯಾರಿಗೂ ಕಾಣದು.

ಇದು ನಿಮಗೆ ಹೇಗೆ ಹೊಳೆಯಿತು ಎಂದೆ. ಅತ್ತೆ ತಮ್ಮ ಎಡಗೈ ಎತ್ತಿದರು. ಅವರು ತೊಟ್ಟ ರವಿಕೆಯ ಕಂಕುಳಲ್ಲೂ ಅಂಥದೇ ಒಂದು ತುಂಡು, ಬಣ್ಣ ಮಾಸಿದ ನೂಲು.

"ನನ್ನ ಧಾರೆ ರವಿಕೆ ಕಣೆ. ಶ್ರಾವಣದ ಗಿರಾಕಿಗಳದ್ದೆಲ್ಲ ಮುಗಿಸಿ, ನಿದ್ದೆಗಣ್ಣಲ್ಲಿ ನಾನೇ ಹೊಲ್ಕೊಂಡಿದ್ದು. ಅದಕ್ಕೇ ಕಳಚೋದು, ಬೆಲ್ಟ್ ಕಣ್ಮುಂದೆ ಇದ್ರೆ ನನ್ನ ಕಾಲು ಸುಮ್ನಿರಲ್ಲ."

ಪಕ್ಕದ ಹೊಲಿಗೆ ಎಷ್ಟು ಸಲ ಬಿಚ್ಚಿ ಅಗಲ ಮಾಡಿಕೊಂಡಿದ್ದರೋ, ಆ ತುಂಡನ್ನು ಮಾತ್ರ ಮುಟ್ಟಿರಲಿಲ್ಲ. ಮರುದಿನ ಊಟವಾದ ಮೇಲೆ ಅತ್ತೆ ಬೆಲ್ಟು ಕಳಚುವಾಗ ನಾನೂ ಎದ್ದೆ. ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಅವರ ದಿಂಬಿನ ಕೆಳಗಿಟ್ಟು ಮಲಗಿದೆ.